ಓರಗಿತ್ತಿಯ ಡೆಮೊ ಕ್ಲಾಸು

ನನ್ನ ಓರಗಿತ್ತಿ, ಅಂದರೆ ಮೈದುನನ ಹೆಂಡತಿ, ಗುಬ್ಬಿಯಿಂದ ಬೆಳಗಿನ ಬಸ್ಸಿಗೆ ಬಂದಳು. ಉಪ್ಪಾರಹಳ್ಳಿಯ ನಮ್ಮ ಅಡುಗೆಮನೆ ಕಟ್ಟೆಯ ಮೇಲೆ ನುಗ್ಗೆಕಾಯಿ ಕಟ್ಟು ಇಟ್ಟವಳೇ, "ಅಕ್ಕ, ಗುರುವಾರ ನಂಗೆ ಡೆಮೊ ಕ್ಲಾಸು. ಟಾಪಿಕ್ಕೂ ಅವ್ರೇ ಕೊಟ್ಟವ್ರೆ. ಪ್ಲೂರಲ್ ಪೊಸೆಸಿವ್ಸ್ ಅಂತೆ. ಹೆಸ್ರು ಕೇಳಿದ್ರೇನೇ ಚಳಿಜ್ವರ ಬಂದಂಗಾಯ್ತದೆ" ಎಂದಳು.

ಮದುವೆಗೆ ಮುಂಚೆ ಕನ್ನಡ ಮೀಡಿಯಮ್ಮಿನಲ್ಲೇ ಬಿ.ಎಡ್. ಮುಗಿಸಿದವಳು. ಮಕ್ಕಳಿಬ್ಬರೂ ಸ್ಕೂಲಿಗೆ ಹೋಗುವಂತಾದ ಮೇಲೆ, ಮಡಿಸಿಟ್ಟಿದ್ದ ಆಸೆಯನ್ನು ಮತ್ತೆ ಬಿಚ್ಚಿದ್ದಳು. ಗುಬ್ಬಿಯ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಮೂರನೇ ಕ್ಲಾಸಿಗೆ ಟೀಚರ್ ಬೇಕಾಗಿತ್ತು.

"ಇದೊಂದು ಆಗ್ಲಿಲ್ಲ ಅಂದ್ರೆ ಇನ್ನ್ಯಾವತ್ತೂ ಸ್ಕೂಲು ಅಂತ ಬಾಯ್ಬಿಡಲ್ಲ ಕಣಕ್ಕ. ಸೀರೆಗೆ ಫಾಲ್ಸ್ ಹಾಕ್ಕೊಂಡು ಮನೇಲೇ ಇದ್ಬಿಡ್ತೀನಿ." ನಗುತ್ತಲೇ ಹೇಳಿದಳು. ಕೈ ಮಾತ್ರ ಸೆರಗಿನ ತುದಿಯನ್ನು ಸುತ್ತುತ್ತಲೇ ಇತ್ತು.

ನಾನು ಓದಿದ್ದು ಕುದುರೆ ಫಾರಂ ಇರುವ ಕುಣಿಗಲ್ಲಿನ ಕಾನ್ವೆಂಟಿನಲ್ಲಿ. ಕುದುರೆ ನೋಡುತ್ತ ಬೆಳೆದ ಮಕ್ಕಳೆಂದು ನಮ್ಮ ಸಿಸ್ಟರು ಈ ಪಾಠವನ್ನು ಕುದುರೆಗಳ ಬಾಲದಿಂದಲೇ ಶುರು ಮಾಡುತ್ತಿದ್ದರು. ನನ್ನ ಓರಗಿತ್ತಿಗೆ ಕುದುರೆ ಯಾಕೆ? ಅವಳನ್ನು ವರಾಂಡಕ್ಕೆ ಕರೆದುಕೊಂಡು ಹೋದೆ. ಎದುರಿಗೆ ಹುಡುಗರ ಹಾಸ್ಟೆಲು. ಕಾಂಪೌಂಡಿನ ಉದ್ದಕ್ಕೂ ಬನಿಯನ್ನುಗಳು ಒಣಗುತ್ತಿದ್ದವು.

"ಬರ್ಕೋ. ದಿ ಬಾಯ್ಸ್ ಬನಿಯನ್ಸ್ ಆರ್ ಆನ್ ದಿ ವಾಲ್. ಹಲವಾರು ಹುಡುಗ್ರು ಅಲ್ವಾ? ಎಸ್ ಬರೆದು ಮುಗ್ಸು, ಆಮೇಲೆ ಅಪಾಸ್ಟ್ರಫಿ. ಒಬ್ಬನದೇ ಆದ್ರೆ ಮೊದ್ಲು ಅಪಾಸ್ಟ್ರಫಿ, ಆಮೇಲೆ ಎಸ್."

"ಕಾಮಾ ಕೆಳಗಿರೋದು ಬಿಟ್ಟು ಮರ ಹತ್ತಿ ಕೂತಂಗೈತೆ" ಅಂದಳು. ಕೂತರೆ ಕೂರಲಿ ಬಿಡು ಅಂದೆ.

ಆಮೇಲೆ ಲೇಡೀಸ್ ಟೈಲರಿನ ಬೋರ್ಡು, ಬಸ್ಸಿನ ಲೇಡೀಸ್ ಸೀಟು, ಬೀದಿನಾಯಿಗಳ ಜಗಳ, ಕಂಡದ್ದೆಲ್ಲ ವಾಕ್ಯವಾಯಿತು. ಚಿಲ್ಡ್ರನ್ ಎಂಬುದು ಎಸ್ ಇಲ್ಲದೆಯೇ ಬಹುವಚನವಾದ್ದರಿಂದ ಅದಕ್ಕೆ ಅಪಾಸ್ಟ್ರಫಿ ಮೊದಲು ಎಂದಾಗ ಒಂದು ಕ್ಷಣ ಮುನಿಸಿಕೊಂಡಳು. ಆದರೂ ಬೇಗ ಹಿಡಿದಳು. ನಾನು ಸಾರಿಗೆ ಒಗ್ಗರಣೆ ಕೊಟ್ಟು ಬರುವಷ್ಟರಲ್ಲಿ ಹಾಳೆ ತುಂಬಿಸಿದ್ದಳು. ಮಗುವಿನ ಹಾಲು ಸರಿ, ನಾಯಿಯ ಬಾಲ ಸರಿ. ತಾತನ ಕೋಲು ತಪ್ಪು, ಟೀಚರ್ ಕುರ್ಚಿಯೂ ತಪ್ಪು. ಒಬ್ಬರೇ ತಾತ, ಒಬ್ಬರೇ ಟೀಚರ್, ಆದರೂ ಎಸ್ ಆದ ಮೇಲೆ ಅಪಾಸ್ಟ್ರಫಿ ಹಾಕಿ ಇಬ್ಬರನ್ನೂ ಗುಂಪು ಮಾಡಿ ಬರೆದಿದ್ದಳು.

"ಇದ್ಯಾಕೆ ಹೀಗೆ?"

"ತಾತನೋರ ಕೋಲು, ಮೇಷ್ಟ್ರ ಕುರ್ಚಿ ಅಂತೀವಲ್ಲಕ್ಕ. ದೊಡ್ಡೋರ್ನ ಒಂಟಿ ಮಾಡಿ ಬರೆಯೋದು ಹೆಂಗೆ?"

ನನಗೆ ನಗು ತಡೆಯಲಾಗಲಿಲ್ಲ. "ಇಂಗ್ಲಿಷಿನೋರಿಗೆ ದೊಡ್ಡೋರು ಚಿಕ್ಕೋರು ಅಂತಿಲ್ಲ ಕಣೇ. ತಲೆ ಎಣಿಸ್ತಾರೆ, ಅಷ್ಟೇ."

"ಏನ್ ಜನಾನೋ!" ಎಂದು ತಾತನನ್ನು ಒಬ್ಬರನ್ನಾಗಿ ತಿದ್ದಿದಳು. ಅಳಿಸುವಾಗ ಅವಳ ಮುಖದಲ್ಲಿ ನಿಜವಾದ ಸಂಕಟವಿತ್ತು.

ಗುರುವಾರ ಧೈರ್ಯಕ್ಕೆಂದು ನಾನೂ ಗುಬ್ಬಿಗೆ ಹೋದೆ. ಶಾಲೆಯಲ್ಲಿ ನೋಡಿದರೆ ಕ್ಲಾಸಿನಲ್ಲಿ ಮಕ್ಕಳೇ ಇಲ್ಲ. ಎಲ್ಲರೂ ಆಟೋಟದ ಅಭ್ಯಾಸಕ್ಕೆ ಮೈದಾನದಲ್ಲಿದ್ದರು. ಹೆಡ್‌ಮಿಸ್ಟ್ರೆಸ್ಸೇ ಇಬ್ಬರು ಟೀಚರುಗಳ ಜೊತೆ ಪುಟ್ಟ ಬೆಂಚಿನಲ್ಲಿ ಕೂತರು. ನರೆತ ಕೂದಲು, ಇಸ್ತ್ರಿ ಮುರಿಯದ ಕಾಟನ್ ಸೀರೆ. "ಈಗ ನಾವೇ ಮೂರನೇ ಕ್ಲಾಸಿನ ಮಕ್ಕಳು. ನೀವೂ ಬನ್ನಿ, ಬೆಂಚು ತುಂಬ್ಲಿ" ಎಂದು ಬಾಗಿಲಲ್ಲಿ ನಿಂತಿದ್ದ ನನ್ನನ್ನೂ ಕರೆದರು. ಮಂಡಿ ಮಡಿಸಿ ಹೇಗೋ ತೂರಿಕೊಂಡೆ.

ಓರಗಿತ್ತಿ ಬೋರ್ಡಿನ ಪಕ್ಕ ನಿಂತಳು. ಮಕ್ಕಳಿಗೆಂದು ಕಲಿತದ್ದನ್ನು ನರೆತ ಕೂದಲಿಗೆ ಹೇಳುವುದು ಹೇಗೆ? "ಮೇಡಂ, ತಾವು ದಯವಿಟ್ಟು ಒಂದು ಎಗ್ಸಾಂಪಲ್ ಹೇಳ್ತೀರಾ?" ಎಂದಳು.

"ಮೇಡಂ ಅಲ್ಲ. ನಂಗೆ ಎಂಟು ವರ್ಷ" ಎಂದರು ಹೆಡ್‌ಮಿಸ್ಟ್ರೆಸ್, ನಗದೆ.

ಅವಳ ಕೈಯ ಚಾಕ್‌ಪೀಸು ಮುರಿಯಿತು. ಮುಗಿಯಿತು, ಇನ್ನು ಫಾಲ್ಸ್ ಹಾಕುವುದೇ ಗತಿ ಅಂದುಕೊಂಡೆ. ಅಷ್ಟರಲ್ಲಿ ಹೆಡ್‌ಮಿಸ್ಟ್ರೆಸ್ ಪಕ್ಕದ ಟೀಚರ್ ಕೈಯಿಂದ ಪೆನ್ಸಿಲ್ ಕಿತ್ತುಕೊಂಡರು. ಆ ಟೀಚರ್, "ಮಿಸ್, ಇವ್ಳು ನನ್ ಪೆನ್ಸಿಲ್ ಕಿತ್ಕೊಂಡ್ಳು!" ಎಂದು ಕೂಗಿದರು. "ಸುಳ್ಳು ಮಿಸ್, ನಂದೇ!" ಎಂದು ಹೆಡ್‌ಮಿಸ್ಟ್ರೆಸ್ ಇನ್ನೂ ಜೋರಾಗಿ ಕೂಗಿದರು.

"ಏಯ್, ಏನ್ರೇ ಅದು ಗಲಾಟೆ? ಕೊಡೇ ಇಲ್ಲಿ! ಇಬ್ರಿಗೂ ಇಲ್ಲ ಈಗ!"

ಅದು ಮನೆಯಲ್ಲಿ ದಿನಾ ಇಬ್ಬರು ಮಕ್ಕಳ ಜಗಳ ಬಿಡಿಸುವ ಗಂಟಲು. ಪೆನ್ಸಿಲ್ ಅವಳ ಕೈಗೆ ಬಂದುಬಿಟ್ಟಿತ್ತು. ಅವಳು ನಾಲಿಗೆ ಕಚ್ಚಿಕೊಂಡಳು. ಹೆಡ್‌ಮಿಸ್ಟ್ರೆಸ್ ತಲೆ ತಗ್ಗಿಸಿ, ಸಣ್ಣ ದನಿಯಲ್ಲಿ, "ಸಾರಿ ಮಿಸ್" ಅಂದರು.

ಅಲ್ಲಿಂದ ಅವಳನ್ನು ಹಿಡಿಯುವವರಿಲ್ಲ. ಬೋರ್ಡಿನ ಮೇಲೆ ಗರ್ಲ್ಸ್ ಪೆನ್ಸಿಲ್ ಎಂದು ಬರೆದು, "ಒಬ್ಳದೇ ಆಗಿದ್ರೆ ಇಲ್ಲಿ ಹಾಕ್ತಿದ್ವಿ. ಇಬ್ರೂ ನಂದು ಅಂತೀರಲ್ಲ, ಅದಕ್ಕೇ ಎಸ್ ದಾಟ್ಕೊಂಡು ಇಲ್ಲಿ" ಎಂದು ಅಪಾಸ್ಟ್ರಫಿಯನ್ನು ಟಕ್ಕನೆ ಇಟ್ಟಳು. ಬಾಗಿಲಾಚೆ ಬಿಟ್ಟಿದ್ದ ನಮ್ಮ ಚಪ್ಪಲಿಗಳನ್ನು ತೋರಿಸಿ ಇನ್ನೊಂದು ವಾಕ್ಯ ಮಾಡಿಸಿದಳು. ನಾನು ಕಿಟಕಿಯಾಚೆ ನೋಡುತ್ತಿದ್ದೆನೆಂದು ನನಗೂ ಒಂದು ಗದರಿಕೆ ಬಿತ್ತು. ಅಷ್ಟೊತ್ತಿಗೆ ಆಯಮ್ಮ ಟೀ ತಟ್ಟೆ ಹಿಡಿದು ಬಂದರು. ಪೆನ್ಸಿಲ್ ಕಳೆದುಕೊಂಡಿದ್ದ ಟೀಚರ್ ಕೈ ಚಾಚಿದ್ದೇ ತಡ, ಓರಗಿತ್ತಿ ಗದರಿದಳು:

"ನೋ! ದಟ್ ಈಸ್ ದಿ ಟೀಚರ್ಸ್ ಟೀ. ನಾಟ್ ದಿ ಚಿಲ್ಡ್ರನ್ಸ್!"

ಆಯಮ್ಮ ತಟ್ಟೆ ಹಿಡಿದುಕೊಂಡೇ ನಿಂತರು. ಯಾರಿಗೆ ಕೊಡುವುದೆಂದು ಅವರಿಗೆ ತಿಳಿಯಲಿಲ್ಲ. ಹೆಡ್‌ಮಿಸ್ಟ್ರೆಸ್ ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

ಕ್ಲಾಸು ಮುಗಿದು, ಆರಿದ ಟೀ ಕುಡಿಯುತ್ತ ಅವರು ಅಂದರು, "ಇಂಗ್ಲಿಷ್ ಇನ್ನೂ ಸ್ವಲ್ಪ ಪಳಗ್ಬೇಕು. ಪಳಗತ್ತೆ ಬಿಡಿ. ಮಕ್ಕಳು ನಿಮ್ಮ ಮಾತು ಕೇಳ್ತಾರೆ. ಸೋಮವಾರದಿಂದ ಬನ್ನಿ. ನನ್ನ ಬೈಯೋದು ಮಾತ್ರ ಇವತ್ತಿಗೇ ಮುಗೀಲಿ!"

ಗೇಟು ದಾಟಿದ್ದೇ ಅವಳು ಗಂಡನಿಗೆ ಫೋನು ಹಚ್ಚಿದಳು. ಸ್ಪೀಕರ್ ಹಾಕಿ ನನ್ನ ಕೈ ಹಿಡಿದುಕೊಂಡಳು.

"ರೀ, ಸಿಕ್ತು! ಸೋಮವಾರದಿಂದ ಮಕ್ಕಳ ಟಿಫನ್ ಬಾಕ್ಸು ನೀವೇ ಕಟ್ಬೇಕು."

ಆ ಕಡೆಯಿಂದ ಮೈದುನನ ದನಿ: "ಭೇಷ್ ಕಣೇ! ಆದ್ರೆ ನಂಗೆ ಉಪ್ಪಿಟ್ಟೂ ಬರಲ್ವಲ್ಲ?"

"ಸೋಮವಾರಕ್ಕೆ ಇನ್ನೂ ಟೈಮೈತೆ, ಕಲೀರಿ" ಎಂದಳು. "ನಾನ್ ಕಲೀಲಿಲ್ವಾ?"