ದುಂಡಗಿನ ತಟ್ಟೆ

ಎರಡು ಸಾವಿರದ ಎಂಟರ ನವೆಂಬರ್, ಶುಕ್ರವಾರ, ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ. ಉಡುಪಿಯ ಸ್ಟುಡಿಯೋ ಒಂದರ ಒಳಕೋಣೆಯಲ್ಲಿ ಪ್ರಫುಲ್ಲಾ ಕಾಪುವಿನ ಒಂದು ಮದುವೆಯ ವಿಡಿಯೋವನ್ನು ಎರಡನೇ ಸಲ ಕಂಪ್ಯೂಟರಿನಿಂದ ಹೊರತೆಗೆಯುತ್ತಿದ್ದಳು. ಮೊದಲನೆಯದು ಮನೆಯವರಿಗೆ ಕೊಡುವ ಡಿವಿಡಿ. ಹೊಸ ಎಚ್‌ಡಿ ಕ್ಯಾಮೆರಾ ಕಂಡ ಅಗಲವೆಲ್ಲ ಅದರಲ್ಲಿತ್ತು. ಎರಡನೆಯದು ಕಾರ್ಕಳದ ಕೇಬಲ್ ಚಾನೆಲ್‌ಗೆ. ಅಲ್ಲಿ ಪ್ರಸಾರವಾಗುತ್ತಿದ್ದದ್ದು ಹಳೆಯ ಟಿವಿಗಳ ಅಳತೆಯ, ಹೆಚ್ಚುಕಡಿಮೆ ಚೌಕವಾದ ಚಿತ್ರ. ಅಗಲದ್ದನ್ನು ಅದರೊಳಗೆ ಕೂರಿಸಬೇಕಾದರೆ ಮೇಲೆ ಕೆಳಗೆ ಕಪ್ಪು ಪಟ್ಟಿ ಬಿಡಬೇಕು, ಇಲ್ಲವೇ ಎರಡೂ ಬದಿ ಕತ್ತರಿಸಬೇಕು.

ಕ್ಯಾಸೆಟ್ ಒಯ್ಯಲು ಬಂದು ಕೂತಿದ್ದ ಚಾನೆಲ್‌ನ ಕಿಟ್ಟನಿಗೆ ಆ ಪಟ್ಟಿ ಕಂಡರಾಗದು.

“ಟಿವಿ ಹಾಳಾಗಿದೆ ಅಂತ ಜನ ನನಗೆ ಫೋನ್ ಮಾಡ್ತಾರೆ ಮಾರಾಯ್ತಿ.”

“ಪಟ್ಟಿ ತೆಗೆದರೆ ಮದುಮಗಳ ಅತ್ತೆ ಅರ್ಧ ತುಂಡಾಗ್ತಾರೆ. ಆಗ ಅವರ ಫೋನೂ ನಿಮಗೇ ಬರ್ತದೆ. ಯಾವುದು ಬೇಕು?”

“ಪಟ್ಟಿಯೇ ಇರಲಿ,” ಎಂದು ಕಿಟ್ಟ ಚಹಾ ಕುಡಿಯಲು ಎದ್ದುಹೋದ.

ಪ್ರಫುಲ್ಲಾ ಈ ಸ್ಟುಡಿಯೋಗೆ ಬಂದದ್ದು ಆಲ್ಬಮ್ಮುಗಳಿಗೆ ಹೆಸರು ಟೈಪು ಮಾಡಲು. ಮಾಲೀಕ ರೊಸಾರಿಯೊ ಎಡಿಟಿಂಗ್ ಕಲಿಸಿದರು. ಮದುವೆಯಾದ ಮೇಲೂ ಅವಳು ಕೆಲಸ ಬಿಡಲಿಲ್ಲ. ಗಂಡ ತಾರಾನಾಥ ಮಸ್ಕತ್‌ನ ಒಂದು ಕಂಪೆನಿಯ ಗೋದಾಮಿನಲ್ಲಿದ್ದ. ಅವಳು ಮೂರು ತಿಂಗಳ ಬಸುರಿಯಾಗಿದ್ದಾಗ ರಜೆ ಮುಗಿಸಿ ಹೋದವನು ಇನ್ನು ಬರುವುದು ಏಪ್ರಿಲ್‌ನಲ್ಲಿ. ಮಗಳು ಆಶ್ರಿತಾಳನ್ನು ಅವನು ಕಂಡದ್ದು ಎರಡು ತಿಂಗಳ ಕೂಸಾಗಿದ್ದಾಗಿನ ನಾಲ್ಕು ಫೋಟೋಗಳಲ್ಲಿ ಮಾತ್ರ. ಪರ್ಕಳದ ಬಾಡಿಗೆ ಮನೆಯಲ್ಲಿ ಮಗುವನ್ನು ಅಜ್ಜಿಯ ಕೈಗೆ ಕೊಟ್ಟು ಬಸ್ಸು ಹತ್ತುವಾಗ, ಇಲ್ಲಿ ತಾನೂ ದಿನದ ಅರ್ಧ ಅವಳನ್ನು ಕಾಣುವುದಿಲ್ಲವಲ್ಲ, ಅವನು ಹೇಗೆ ಇದ್ದಾನೋ ಎಂದು ಪ್ರಫುಲ್ಲಾಗೆ ಅನಿಸುತ್ತಿತ್ತು.

ಎಲ್ಲೂರು ದೇವಸ್ಥಾನದಲ್ಲಿ ಮಗುವಿನ ಅನ್ನಪ್ರಾಶನವಾದಾಗ ಅವಳು ರೊಸಾರಿಯೊ ಅವರ ಎಚ್‌ಡಿ ಕ್ಯಾಮೆರಾ ಕೇಳಿ ಒಯ್ದು ಎಲ್ಲವನ್ನೂ ತಾನೇ ತೆಗೆದಿದ್ದಳು. ಡಿವಿಡಿ ಮಾಡಿ, ಸ್ಟುಡಿಯೋದ ಹೊಸ ಅಗಲ ಟಿವಿಯಲ್ಲಿ ಹಾಕಿ ನೋಡಿ, ಮಸ್ಕತ್‌ಗೆ ಮರಳುತ್ತಿದ್ದ ಉದ್ಯಾವರದವರೊಬ್ಬರ ಕೈಯಲ್ಲಿ ಕಳಿಸಿದ್ದಳು. ತಲುಪಿತೋ ಇಲ್ಲವೋ ಎಂಬ ಯೋಚನೆ ಎರಡು ದಿನದಿಂದ.

ಮೊಬೈಲು ಹೊಡೆದುಕೊಂಡಿತು. ತಾರಾನಾಥ.

“ಮಗುವಿಗೆ ಎಂತ ಆಗಿದೆ? ನನ್ನಿಂದ ಮುಚ್ಚಿಡಬೇಡ.”

“ಎಂತ ಆಗಿದೆ? ಏನೂ ಇಲ್ಲ.”

“ಇಷ್ಟು ಸಪೂರ ಆಗಿದ್ದಾಳೆ! ಫೋಟೋದಲ್ಲಿ ಎಷ್ಟು ಗುಂಡಗಿದ್ದಳು. ಈಗ ಕೆನ್ನೆಯೇ ಇಲ್ಲ. ರೂಮಿನವರೂ ನೋಡಿ ಡಾಕ್ಟರಿಗೆ ತೋರಿಸಲು ಹೇಳು ಅಂದರು. ನೀನೂ ಕಡ್ಡಿಯ ಹಾಗೆ. ಎರಡು ರಾತ್ರಿ ನಿದ್ದೆಯಿಲ್ಲ ನನಗೆ. ಮ್ಯಾನೇಜರನ ಕಾಲು ಹಿಡಿಯುವುದೊಂದು ಬಾಕಿ, ಹತ್ತು ದಿನ ರಜೆ ಕೊಟ್ಟಿದ್ದಾನೆ. ಏಪ್ರಿಲ್ ರಜೆ ಹೋದರೆ ಹೋಗಲಿ. ಮಂಗಳವಾರ ಮನೆಯಲ್ಲಿರ್ತೇನೆ.”

ಮಂಗಳವಾರ! ಪ್ರಫುಲ್ಲಾಗೆ ಕಣ್ಣ ಮುಂದೆ ಪರ್ಕಳದ ಮನೆಯ ಬಾಗಿಲು ಬಂತು, ಚಪ್ಪಲಿ ಬಿಡುತ್ತ ಬಗ್ಗಿದ ಅವನ ಬೆನ್ನು ಬಂತು. ಆದರೂ ಬಾಯಿ ಕೇಳಿತು:

“ಮಗುವಿನ ಎದುರು ಒಂದು ತಟ್ಟೆ ಉಂಟಲ್ವಾ, ಅನ್ನ ಬಡಿಸಿದ್ದು. ಅದು ಹೇಗೆ ಕಾಣ್ತದೆ?”

“ತಟ್ಟೆಯಾ? ನಿಲ್ಲಿಸಿದ ಮೊಟ್ಟೆಯ ಹಾಗೆ ಉಂಟು. ಈಗ ತಟ್ಟೆ ಯಾಕೆ?”

“ನಿಮ್ಮ ರೂಮಿನಲ್ಲಿ ಎಂಥ ಟಿವಿ?”

“ಹಳೇ ಡಬ್ಬ. ಹೋದವರು ಬಿಟ್ಟುಹೋದದ್ದು.”

ಆ ತಟ್ಟೆ ಅವಳ ಅಮ್ಮನದು, ದುಂಡಗಿನದು. ಡಿವಿಡಿ ಪ್ಲೇಯರ್ ಅಗಲದ ಟಿವಿಗೆಂದು ಕಳಿಸಿದ ಚಿತ್ರವನ್ನು ಆ ಡಬ್ಬ ತನ್ನ ಅಗಲಕ್ಕೆ ಹಿಂಡಿತ್ತು. ನಾಲ್ಕು ಪಾಲು ಅಗಲವಿರಬೇಕಾದ ಮಗು ಮೂರು ಪಾಲಾಗಿತ್ತು. ಊರಿನವರ ಮದುವೆಗಳನ್ನೆಲ್ಲ ಎರಡೆರಡು ಅಳತೆಯಲ್ಲಿ ಮಾಡಿಕೊಡುವವಳು, ಗಂಡ ಮಲಗುವ ಕೋಣೆಯಲ್ಲಿ ಎಂಥ ಟಿವಿ ಇದೆ ಎಂದು ಒಮ್ಮೆಯೂ ಕೇಳಿರಲಿಲ್ಲ. ತನ್ನ ಮನಸ್ಸಿನಲ್ಲಿ ಅವನನ್ನು ಸ್ಟುಡಿಯೋದ ಟಿವಿಯ ಮುಂದೆಯೇ ಕೂರಿಸಿದ್ದಳು. ಮುಂದೆ ಆ ಸ್ಟುಡಿಯೋದಲ್ಲಿದ್ದಷ್ಟು ವರ್ಷವೂ, ಮನೆಯ ಟಿವಿ ಎಂಥದ್ದೆಂದು ಕೇಳದೆ ಅವಳು ಯಾರಿಗೂ ಡಿವಿಡಿ ಕೊಡಲಿಲ್ಲ.

ರಿಮೋಟಿನಲ್ಲಿ ಒಂದು ಆಯ್ಕೆ ಬದಲಿಸಿದರೆ ತಟ್ಟೆ ದುಂಡಗಾಗುತ್ತದೆ. ಹೇಳಿದರೆ ಅವನು ಬರುವುದಿಲ್ಲ. ಹೇಳದಿದ್ದರೆ ಮಂಗಳವಾರ ಬರುತ್ತಾನೆ, ಆದರೆ ಅಲ್ಲಿಯವರೆಗೆ, ವಿಮಾನದಲ್ಲೂ, ಮಗು ಬದುಕಿರುತ್ತದೋ ಇಲ್ಲವೋ ಎಂದುಕೊಂಡೇ ಬರುತ್ತಾನೆ.

“ಪ್ರಫುಲ್ಲಾ? ಟಿಕೇಟು ಮಾಡಲಾ?”

ಅವಳು ಸೀರೆಯ ಸೆರಗಿನಿಂದ ಮೂಗು ಒರೆಸಿಕೊಂಡಳು.

“ಬೇಡ. ಚಿತ್ರ ನಿಮ್ಮ ಟಿವಿಯಲ್ಲಿ ಸಪೂರ ಆದದ್ದು, ಮಗು ಅಲ್ಲ. ಸರಿ ಮಾಡುವುದು ಹೇಗೆಂದು ಹೇಳ್ತೇನೆ, ರಿಮೋಟು ತಗೊಳ್ಳಿ.”

“ನನ್ನ ಸಮಾಧಾನಕ್ಕೆ ಹೇಳ್ತೀಯಾ? ಹಾಗಾದರೆ ತೂಕ ಹೇಳು ನೋಡುವ.”

ಮೊನ್ನೆ ಮಣಿಪಾಲದಲ್ಲಿ ಚುಚ್ಚುಮದ್ದಿಗೆ ಹೋದಾಗ ಮಗುವನ್ನು ತೂಗಿ, ತೂಕ ಚೆನ್ನಾಗಿದೆ ಎಂದಿದ್ದರು. ಕಡಿಮೆ ಹೇಳಲು ಇನ್ನೂ ಅವಕಾಶವಿತ್ತು. ಪ್ರಫುಲ್ಲಾ ಸ್ಪಷ್ಟವಾಗಿ ಹೇಳಿದಳು:

“ಏಳು ಕಿಲೋ ನಾನೂರು ಗ್ರಾಂ.”