ಸೈಮನ್ ಸ್ಟಾಕ್ ಮತ್ತು ಅಮ್ಮನ ನೈಟ್ ಡ್ಯೂಟಿ

ಲಂಡನ್ನಿನ ಅಂಚಿನ ಇಲ್ಫರ್ಡಿಗೆ ಎಲಿಜಬೆತ್ ಲೈನ್ ರೈಲು ಇನ್ನೂ ಬಂದಿರದ ಕಾಲ ಅದು. ಸ್ಟೇಷನ್ನಿನ ಹೊರಗೆ ಮೀನು-ಚಿಪ್ಸ್ ಅಂಗಡಿಯ ವಿನೆಗರ್ ವಾಸನೆ, ನಮ್ಮ ಬೀದಿಗೆ ತಿರುಗಿದರೆ ಯಾರದೋ ಮನೆಯ ಒಗ್ಗರಣೆಯ ವಾಸನೆ. ಒಂದಕ್ಕೊಂದು ಅಂಟಿಕೊಂಡ ಮನೆಗಳ ಸಾಲಿನಲ್ಲಿ ಒಂದು ಮಹಡಿಯ ಕೋಣೆ ಅಮ್ಮನದು ಮತ್ತು ನನ್ನದು. ನನಗೆ ಆಗ ಹನ್ನೆರಡು ವರ್ಷ.

ಅಪ್ಪ ತೀರಿಕೊಂಡ ಮೇಲೆ ಅಮ್ಮ ನರ್ಸ್ ಕೆಲಸಕ್ಕೆಂದು ಮೊದಲು ಗಲ್ಫಿಗೆ, ಆಮೇಲೆ ಲಂಡನ್ನಿಗೆ ಬಂದಿದ್ದಳು. ನಾನು ಕಾರ್ಕಳದ ಹತ್ತಿರ ಅಜ್ಜಿಯ ಜೊತೆ ಇದ್ದೆ. ಅಜ್ಜಿ ನನ್ನನ್ನು ಬಿಟ್ಟಿರಲಾರದೆ ಶಾಲೆಗೆ ಸೇರಿಸಿದ್ದೇ ತಡವಾಗಿ. ಹಾಗಾಗಿ ಇಲ್ಲಿಗೆ ಬಂದಾಗ ನನ್ನಲ್ಲಿದ್ದ ಇಂಗ್ಲಿಷು ಒಂದು ಮುಷ್ಟಿಯಷ್ಟು. ಇಂಗ್ಲಿಷ್ ಪಾಠಕ್ಕೆ ಚಿಕ್ಕ ಮಕ್ಕಳ ಜೊತೆ ಕೂರಿಸುತ್ತಿದ್ದರು. ಮೊಣಕಾಲು ಮೇಜಿಗೆ ತಾಗುತ್ತಿತ್ತು. ಬಾಯಿ ಬಿಡದೆ ದಿನ ಕಳೆಯುವುದು ನನಗೆ ರೂಢಿಯಾಯಿತು.

ಆ ಅಕ್ಟೋಬರಿನಲ್ಲಿ ಚರ್ಚಿನಲ್ಲಿ ನಮ್ಮ ದೃಢೀಕರಣದ, ಅಂದರೆ ಕನ್ಫರ್ಮೇಶನ್ ಸಂಸ್ಕಾರದ, ತಯಾರಿ ನಡೆದಿತ್ತು. ಪ್ರತಿಯೊಬ್ಬರೂ ಒಬ್ಬ ಸಂತರ ಹೆಸರು ಆರಿಸಿಕೊಂಡು, ಅವರ ಜೀವನವನ್ನು ಫಾದರ್ ಎದುರು ನಿಂತು ಹೇಳಬೇಕು. ಹೇಳಲು ಬಾರದವರು ಮುಂದಿನ ವರ್ಷ ಸಣ್ಣವರ ಜೊತೆ ಪುನಃ ಕೂರಬೇಕು. ಅಂದರೆ ನನಗೆ ಭಾನುವಾರವೂ ಅದೇ ಗತಿ.

ಪಾಠ ಹೇಳುತ್ತಿದ್ದವರು ಮಿಸೆಸ್ ಡಾಯ್ಲ್ ಎಂಬ ವಯಸ್ಸಾದ ಐರಿಷ್ ಹೆಂಗಸು. ಮಕ್ಕಳು ಫ್ರಾನ್ಸಿಸ್ ಎಂದರು, ಆಂಥೊನಿ ಎಂದರು. ನನ್ನ ಸರದಿ ಬಂದಾಗ ನಾನು ನೆಲ ನೋಡುತ್ತಾ ನಿಂತೆ. ಅಜ್ಜಿ ನನ್ನ ಕುತ್ತಿಗೆಗೆ ಹಾಕಿ ಕಳಿಸಿದ್ದ ಕಂದು ಬಟ್ಟೆಯ ತುಂಡು ಅಂಗಿಯ ಹೊರಗೆ ಬಂದಿತ್ತು. ಅಂಥ ತುಂಡನ್ನು ಮಾತೆ ಮರಿಯಮ್ಮ ಮೊದಲು ಕೊಟ್ಟದ್ದು ಒಬ್ಬ ಸಂತರ ಕೈಗೆ ಎಂಬ ನಂಬಿಕೆ ಮಿಸೆಸ್ ಡಾಯ್ಲ್ ಅವರಿಗೆ ಗೊತ್ತು. “ಸೈಮನ್ ಸ್ಟಾಕ್?” ಎಂದು ಕೇಳಿದರು.

ನಾನು ತಕ್ಷಣ ತಲೆಯಾಡಿಸಿದೆ. ‘ಸ್ಟಾಕ್’ ನನಗೆ ಚೆನ್ನಾಗಿ ಗೊತ್ತಿದ್ದ ಶಬ್ದ. ಊರಿನ ರೇಷನ್ ಅಂಗಡಿಯ ಹಲಗೆಯಲ್ಲಿ ‘ಸಕ್ಕರೆ ಸ್ಟಾಕ್ ಇಲ್ಲ’ ಎಂದು ಸದಾ ಬರೆದಿರುತ್ತಿತ್ತು.

“ಅಮ್ಮಾ, ನಂಗೆ ರೇಷನ್ ಅಂಗಡಿಯ ಸಂತ ಸಿಕ್ಕಿದ್ರು,” ಎಂದೆ ಮನೆಗೆ ಬಂದು.

ನಮ್ಮ ಮನೆಯಲ್ಲಿ ಕೊಂಕಣಿಯೂ ಕನ್ನಡವೂ ಕಲಸಿಕೊಂಡೇ ಇರುತ್ತಿದ್ದವು. ಅಮ್ಮ ಮಿಸೆಸ್ ಡಾಯ್ಲ್ ಕೊಟ್ಟ ಪುಟ್ಟ ಪುಸ್ತಕ ಓದಿ ನಗಲು ಶುರು ಮಾಡಿದಳು.

“ಅಯ್ಯೋ ಮಾರಾಯ! ಇದು ಸೀಮೆಎಣ್ಣೆಯ ಸ್ಟಾಕ್ ಅಲ್ಲ. ಸ್ಟಾಕ್ ಅಂದ್ರೆ ಮರದ ಬೊಡ್ಡೆ. ಇವ್ರು ಇಲ್ಲೇ ಕೆಂಟಿನ ಕಡೆಯವರಂತೆ. ನಿನ್ನಷ್ಟೇ ಇರುವಾಗ ಮನೆ ಬಿಟ್ಟು ಓಕ್ ಮರದ ಪೊಟರೆಯಲ್ಲಿ ಹೋಗಿ ಕೂತ್ರಂತೆ.”

“ಯಾಕೆ?”

“ದೇವರು ಕರೆದ್ರು.”

“ಊಟಕ್ಕೆ?”

“ಸೊಪ್ಪು, ಕಾಡುಸೇಬು. ಒಂದು ನಾಯಿ ಬಾಯಲ್ಲಿ ರೊಟ್ಟಿ ಕಚ್ಕೊಂಡು ಬಂದು ಕೊಡ್ತಿತ್ತಂತೆ.”

“ಛೀ, ನಾಯಿ ಎಂಜಲು!”

“ಸಂತ ಆಗ್ಲಿಕ್ಕೆ ಹೊರಟವ್ರು ಅದೆಲ್ಲ ನೋಡ್ತಾರಾ?”

ಆಮೇಲೆ ಅಮ್ಮ ಮುಂದಿನದನ್ನು ಓದಿ ಹೇಳಿದಳು. ಅವರು ಎಷ್ಟೋ ವರ್ಷ ಮರದೊಳಗೆ ಪ್ರಾರ್ಥನೆಯಲ್ಲಿದ್ದರು. ಒಂದು ದಿನ ಮಾತೆ ಮರಿಯಮ್ಮ, ಪೂರ್ವದಿಂದ ಸನ್ಯಾಸಿಗಳು ಸಮುದ್ರ ದಾಟಿ ಬರುತ್ತಾರೆ, ಅವರನ್ನು ಸೇರಿಕೋ ಎಂದಳಂತೆ. ಅವರು ಬಂದಾಗ ಸೈಮನ್ ಮರ ಬಿಟ್ಟು ಹೊರಗೆ ಬಂದು ಅವರಲ್ಲಿ ಒಬ್ಬರಾದರು.

“ಮರದೊಳಗೆ ಜನ ಹಿಡಿಸ್ತಾರಾ?” ನನಗೆ ಅದೊಂದೇ ಅನುಮಾನ.

“ನೋಡುವ,” ಎಂದಳು ಅಮ್ಮ.

ಶನಿವಾರ ಬೆಳಿಗ್ಗೆ ನೈಟ್ ಡ್ಯೂಟಿ ಮುಗಿಸಿ ಬಂದವಳು, ಮಲಗದೆ ನನ್ನನ್ನು ವಾನ್‌ಸ್ಟೆಡ್ ಪಾರ್ಕಿಗೆ ಕರೆದುಕೊಂಡು ಹೋದಳು. ಒದ್ದೆ ಎಲೆಗಳ ವಾಸನೆ. ಚೆಸ್ಟ್‌ನಟ್ ಮರಗಳ ಕೆಳಗೆ ಮುಳ್ಳಿನ ಕಾಯಿಗಳು ಒಡೆದು ಬಿದ್ದಿದ್ದವು. ಅಂಥದ್ದೇ ಒಂದು ಮುದಿ ಮರದಲ್ಲಿ ಬಾಗಿಲಿನಂತೆ ಪೊಟರೆ.

“ನೀನು ಮೊದ್ಲು ಹೋಗಮ್ಮ. ಹಾವು ಇದ್ರೆ?”

“ಹಾವಿದ್ರೆ ಅಮ್ಮನಿಗೆ ಕಚ್ಲಿ ಅಂತಾ? ಒಳ್ಳೇ ಮಗ!”

ಯೂನಿಫಾರ್ಮಿನ ಮೇಲೆ ಕೋಟು ಹಾಕಿದ್ದ ಅಮ್ಮ ಬಗ್ಗಿ ಒಳಗೆ ಹೋಗಿ ಕೂತಳು. “ಬೆಚ್ಚಗುಂಟು ಮಾರಾಯ,” ಎಂದದ್ದಷ್ಟೇ ಕೇಳಿತು. ಇಣುಕಿದರೆ ಬಾಯಿ ತೆರೆದು ನಿದ್ದೆ ಹೋಗಿದ್ದಾಳೆ.

ನಾನು ಬಾಗಿಲಲ್ಲಿ ಕಾವಲು ಕೂತೆ. ಒಂದು ದೊಡ್ಡ ನಾಯಿ ಬಂದು ಪೊಟರೆಗೆ ತಲೆ ಹಾಕಿತು. ಹಿಂದೆಯೇ ಅದರ ಯಜಮಾನ ಬಂದ. ನಾನು ತುಟಿಯ ಮೇಲೆ ಬೆರಳಿಟ್ಟೆ. ಆತ ಒಳಗೊಮ್ಮೆ ನೋಡಿ, ಏನೂ ಕೇಳದೆ, ತುದಿಗಾಲಲ್ಲಿ ನಾಯಿಯನ್ನು ಎಳೆದುಕೊಂಡು ಹೋದ.

ಅಮ್ಮ ಎದ್ದಾಗ ನನ್ನ ಜೇಬುಗಳು ಚೆಸ್ಟ್‌ನಟ್‌ಗಳಿಂದ ತುಂಬಿದ್ದವು. “ಎಬ್ಬಿಸ್ಲಿಕ್ಕೆ ಆಗ್ತಿರ್ಲಿಲ್ವಾ?” ಎಂದು ಬೈದಳು, ಆದರೆ ಮುಖ ಅರಳಿತ್ತು. ಮನೆಯಲ್ಲಿ ಕಾವಲಿಯ ಮೇಲೆ ಚೆಸ್ಟ್‌ನಟ್ ಹುರಿದು ತಿಂದೆವು. ಥೇಟು ಹಲಸಿನ ಬೀಜದ ರುಚಿ.

ಪರೀಕ್ಷೆಗೆ ಅಮ್ಮ ನಾಲ್ಕು ವಾಕ್ಯ ಬಾಯಿಪಾಠ ಮಾಡಿಸಿದ್ದಳು. ಫಾದರ್ ಎದುರು ನಿಂತದ್ದೇ ನಾಲ್ಕೂ ಹಾರಿಹೋದವು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮಿಸೆಸ್ ಡಾಯ್ಲ್ ಕೈ ಎತ್ತಿ ಅವರನ್ನು ಸುಮ್ಮನಾಗಿಸಿದರು, ಆದರೆ ನನಗೆ ಒಂದಕ್ಷರ ಹೇಳಿಕೊಡಲಿಲ್ಲ. ಕಾದರು. ಫಾದರ್ ಚಹಾದ ಕಪ್ಪು ಕೆಳಗಿಟ್ಟು ಕಾದರು. ಇಡೀ ಕೋಣೆಯೇ ಕಾದಿತು.

“ಹಿ ಲಿವ್ ಇನ್ ಟ್ರೀ,” ಎಂದೆ ಕೊನೆಗೆ. “ಮೈ ಮದರ್ ಆಲ್ಸೋ.”

ಎಲ್ಲರೂ ನಕ್ಕರು. ಫಾದರ್ ನಗಲಿಲ್ಲ. ನಿನ್ನ ತಾಯಿ ಮರದಲ್ಲಿ ಇರುತ್ತಾರೆಯೇ ಎಂದು ಕೇಳಿದರು.

“ಒನ್ ಡೇ ಓನ್ಲಿ. ಆಫ್ಟರ್ ನೈಟ್ ಡ್ಯೂಟಿ. ಶಿ ಸ್ಲೀಪ್. ಡಾಗ್ ಕಮ್. ನೋ ಬ್ರೆಡ್.”

ಈಗ ಫಾದರಿಗೂ ನಗು ತಡೆಯಲಾಗಲಿಲ್ಲ. ನನಗೂ. ಕಣ್ಣೊರೆಸಿಕೊಂಡು ಅವರು ಇನ್ನೊಂದು ಪ್ರಶ್ನೆ ಕೇಳಿದರು: ಮರದೊಳಗೆ ಅಷ್ಟು ಹಾಯಾಗಿದ್ದ ಸೈಮನ್ ಹೊರಗೆ ಬಂದದ್ದೇಕೆ?

“ಪೀಪಲ್ ಕಮ್ ಫ್ರಮ್ ಈಸ್ಟ್,” ಎಂದೆ. “ಸೋ ಹಿ ಕಮ್ ಔಟ್. ಹಿ ಟಾಕ್.”

ಫಾದರ್ ಸರಿ ಎಂಬಂತೆ ತಲೆಯಾಡಿಸಿದರು. ನಾನು ನನ್ನ ಓರಗೆಯವರ ಸಾಲಿಗೆ ಹೋಗಿ ಕೂತೆ.

ಹೊರಗೆ ತುಂತುರು ಮಳೆಯಲ್ಲಿ ಅಮ್ಮ ನಿಂತಿದ್ದಳು. “ಎಂತಾಯ್ತಾ?”

“ಪಾಸ್. ನೀನು ಮರದಲ್ಲಿ ನಿದ್ದೆ ಮಾಡಿದ್ದು ಹೇಳಿದೆ.”

“ಫಾದರಿಗಾ! ನನ್ನ ಮರ್ಯಾದೆ ತೆಗೆದಿಯಲ್ಲಾ ಪೋರಾ!” ತಲೆಗೊಂದು ಮೊಟಕಿ, ಮನೆಯ ತನಕ ನಗುತ್ತಲೇ ಬಂದಳು.

ಈಗ ನನ್ನ ಕೆಲಸ ನಡೆಯುವುದು ಇಂಗ್ಲಿಷಿನಲ್ಲೇ. ಸರಸರ ಬರುತ್ತದೆ, ಕೊರತೆಯೇನೂ ಇಲ್ಲ. ರಿಟೈರಾದ ಅಮ್ಮ ನಮ್ಮ ಜೊತೆಯಲ್ಲೇ ಇದ್ದಾಳೆ. ಆದರೆ ಒಬ್ಬನ ಬಾಯಿಂದ ಒಂದು ಮುರುಕು ವಾಕ್ಯ ಬರುವ ತನಕ ಇಡೀ ಕೋಣೆ ಕಾಯುವಂಥ ಪುರುಸೊತ್ತನ್ನು ನಾನು ಮತ್ತೆಲ್ಲೂ ಕಂಡಿಲ್ಲ. ನಮ್ಮ ಮನೆಯಲ್ಲೂ ಇಲ್ಲ. ಬೆಳಿಗ್ಗೆ ನನ್ನ ಮಗಳು ಅಜ್ಜಿಗೆ ಕನ್ನಡದಲ್ಲಿ ಏನೋ ಹೇಳಹೊರಟು, “ಅಜ್ಜಿ, ನಂಗೆ... ನಂಗೆ...” ಎಂದು ಶಬ್ದ ಸಿಗದೆ ನಿಲ್ಲುತ್ತಾಳೆ. ನಾನು ಶೂ ಕಟ್ಟಿಕೊಳ್ಳುತ್ತಾ, “ಇಂಗ್ಲಿಷಲ್ಲೇ ಹೇಳು ಪುಟ್ಟಿ, ಹೊತ್ತಾಯ್ತು,” ಎಂದುಬಿಡುತ್ತೇನೆ. ಅವಳು ಥಟ್ಟನೆ ಹೇಳಿ ಮುಗಿಸಿ ಓಡುತ್ತಾಳೆ. ಅಮ್ಮ ಮಾತ್ರ, ಆ ಶಬ್ದ ಇನ್ನೇನು ಬಂದೀತು ಎಂಬಂತೆ, ಅವಳು ನಿಂತಿದ್ದ ಕಡೆಗೇ ನೋಡುತ್ತಿರುತ್ತಾಳೆ.