ನಾಡಿದ್ದು ಎಂದು ಹೇಳಿದ್ದೆ

ನನ್ನ ತಮ್ಮ ಪಂಪಾಪತಿ ಸಂಡೂರಿನ ದಾರಿಯಲ್ಲಿ ಕಾಣೆಯಾದದ್ದು ನಾನು ಹೇಳಿದ ಒಂದು ಸುಳ್ಳಿನಿಂದ. ಅದನ್ನು ಮುಚ್ಚಿಟ್ಟು ಬರೀ ಮಹಿಮೆ ಬರೆದರೆ ಗುಡ್ಡದ ಮೇಲಿನ ಆ ತಾಯಿ ಮೆಚ್ಚುವುದಿಲ್ಲ. ಅದಕ್ಕೇ ಸುಳ್ಳನ್ನೇ ಮೊದಲು ಬರೆಯುತ್ತೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿರಿ.

ನಮ್ಮ ಮನೆ ಹೊಸಪೇಟೆಯ ಚಿತ್ತವಾಡಗಿಯಲ್ಲಿ. ಪಂಪಿ ಮೊಲೆ ಬಿಡುವ ಮೊದಲೇ ನಮ್ಮವ್ವ ತೀರಿಕೊಂಡಳು. ನಾನು ಶಾಲೆ ಬಿಟ್ಟು ಅವನನ್ನು ಸೊಂಟದ ಮೇಲೆ ಹೊತ್ತೆ. ಮದುವೆಯಾದಾಗ ಗಂಡನ ಮನೆಗೆ ಅವನನ್ನೂ ಕರೆದುಕೊಂಡೇ ಬಂದೆ. ಅವನಿಗೆ ಚಿಕ್ಕಂದಿನಿಂದ ಮೂರ್ಛೆ ರೋಗ. ಗುಳಿಗೆ ನುಂಗುತ್ತಿದ್ದ. ಆದರೂ ಯಾವಾಗಲೋ ಒಮ್ಮೆ ಹೇಳದೆ ಕೇಳದೆ ಬಂದುಬಿಡುತ್ತಿತ್ತು. ಮೀಸೆ ಬಂದ ಗಂಡಸು ನೆಲಕ್ಕೆ ಬಿದ್ದು ಒದ್ದಾಡುವುದು, ಬಾಯಲ್ಲಿ ನೊರೆ, ಕೆಲವು ಸಲ ಪ್ಯಾಂಟೂ ಒದ್ದೆ. ಬಸ್ ಸ್ಟ್ಯಾಂಡ್ ಹತ್ತಿರದ ಖಾನಾವಳಿಯಲ್ಲಿ ನೀರು ತುಂಬುವ ಕೆಲಸ ಮಾಡುತ್ತಿದ್ದ. ಒಲೆಯ ಹತ್ತಿರ ಅವನನ್ನು ಬಿಡುತ್ತಿರಲಿಲ್ಲ.

ಅದು ಗಣಿಯ ಭರಾಟೆ ಜೋರಾಗಿದ್ದ ಕಾಲ. ಅದಿರಿನ ಲಾರಿಗಳು ಹಗಲೂ ರಾತ್ರಿ ಓಡುತ್ತಿದ್ದವು. ನಮ್ಮ ಮನೆಯವರು ಅದಿರು ಸುರಿಯುವ ಒಂದು ಯಾರ್ಡಿನಲ್ಲಿ ಸೂಪರ್‌ವೈಸರ್ ಆಗಿದ್ದರು. ಮನೆಗೆ ಫ್ರಿಜ್ ಬಂತು, ಬಣ್ಣದ ಟಿವಿ ಬಂತು, ನನ್ನ ಕೈಗೆ ಬಂಗಾರದ ಪಾಟಲಿ ಬಳೆ ಬಂದವು. ದಸರಾ ಮುಗಿದಿತ್ತು, ದೀಪಾವಳಿ ಇನ್ನೂ ಬಂದಿರಲಿಲ್ಲ. ಅವರ ಮ್ಯಾನೇಜರು, ಮ್ಯಾನೇಜರ ಹೆಂಡತಿ, ನಾವು, ಎಲ್ಲರೂ ಕೂಡಿ ಶನಿವಾರ ಭಾನುವಾರ ಸಂಡೂರಿಗೆ ಹೋಗಿ ಬರೋಣ, ನಾರಿಹಳ್ಳದ ಡ್ಯಾಮು ತುಂಬಿದೆ, ಗುಡ್ಡ ಹಸಿರಾಗಿದೆ ಎಂದು ಮಾತಾಯಿತು. ಕ್ರೂಸರ್ ಗಾಡಿಯನ್ನೂ ಗೊತ್ತು ಮಾಡಿದ್ದಾಯಿತು.

ನನಗಿಂತ ಹಿಗ್ಗಿದವನು ಪಂಪಿ. ಕೆಲಸದಿಂದ ಬಂದವನೇ ಅಡುಗೆಮನೆಯ ಬಾಗಿಲಲ್ಲಿ ಕೂತು ಪ್ರವಾಸದ ತಯಾರಿ ಶುರು ಮಾಡುತ್ತಿದ್ದ.

"ಅಕ್ಕ, ಮೊದಲು ನಾರಿಹಳ್ಳ. ಬಿಸಿಲು ಏರೂಕಿಂತ ಮೊದಲು ನೀರು ನೋಡಬೇಕು. ಊಟ ಅಲ್ಲೇ, ಗಿಡದ ಕೆಳಗ. ರೊಟ್ಟಿ, ಶೇಂಗಾ ಚಟ್ನಿ ಸಾಕು. ಚಿತ್ರಾನ್ನ ಬ್ಯಾಡ, ಹಳಸ್ತೈತಿ."

"ಮ್ಯಾನೇಜರ ಹೆಂಡ್ತಿ ರೊಟ್ಟಿ ತಿಂತಾಳೇನೋ? ಆಕಿ ಆಂಧ್ರದಾಕಿ."

"ಚಟ್ನಿ ಹಾಕು, ತಾನ ತಿಂತಾಳ. ಮರುದಿನ ಕುಮಾರಸ್ವಾಮಿ ಗುಡ್ಡ. ಮಾವ ಮುಂದ ಕುಂದ್ರಲಿ. ನೀ ಕಿಟಕಿ ಕಡಿ ಕುಂದ್ರು, ನಿನಗ ವಾಂತಿ ಬರ್ತೈತಿ. ನಾ ನಿನ್ನ ಮಗ್ಗಲಿಗೆ ಕುಂದ್ರತೀನಿ, ಚೀಲ ಹಿಡ್ಕಂಡು."

"ವಾಂತಿ ಚೀಲ ಹಿಡಿಯಾಕ ಬರ್ತೀಯೇನು ನೀನು?" ಎಂದು ನಕ್ಕೆ.

"ಮತ್ತ ಯಾರು ಹಿಡೀತಾರ? ಮ್ಯಾನೇಜರು ಹಿಡೀತಾನೇನು?"

ಆ ಮಾತಿಗೆ ನಗುತ್ತಲೇ ನನ್ನ ಎದೆಯಲ್ಲಿ ಬೇರೊಂದು ಲೆಕ್ಕ ಓಡುತ್ತಿತ್ತು. ಗಾಡಿಯಲ್ಲಿ ಇವನಿಗೆ ಬಂದರೆ? ಆ ಹೆಂಗಸಿನ ರೇಷ್ಮೆ ಸೀರೆಯ ಪಕ್ಕದಲ್ಲಿ ಬಿದ್ದು ಒದ್ದೆಯಾದರೆ? ನಮ್ಮ ಮನೆಯವರು ಬೇಡ ಎನ್ನಲಿಲ್ಲ. ಅವರ ಹೆಸರು ಹಾಕಿ ತಪ್ಪಿಸಿಕೊಳ್ಳುವುದಿಲ್ಲ. ಶುಕ್ರವಾರ ಬೆಳಿಗ್ಗೆ ಪಂಪಿ ಖಾನಾವಳಿಗೆ ಹೊರಟಾಗ ಕೇಳಿದ, "ಹೊರಡೋದು ಯಾವತ್ತು ಅಂತ ಆತಕ್ಕ?"

ಹೊರಡುವುದು ಮರುದಿನ. ನಾನು "ನಾಡಿದ್ದು" ಎಂದೆ.

"ನಾಡಿದ್ದಾ? ಛಲೋ ಆತು. ಹಂಗಾದ್ರ ಇವತ್ತು ಅಲ್ಲೇ ಮಲಗ್ತೀನಿ, ಒಂದು ಮದುವಿ ಊಟದ ಕೆಲಸ ಐತಿ" ಎಂದು ಹೋದ. ಅವನು ಅಲ್ಲೇ ಮಲಗುವುದು ಗೊತ್ತಿದ್ದೇ ನಾನು ಹಾಗೆ ಹೇಳಿದ್ದೆ.

ಶನಿವಾರ ಸೂರ್ಯ ಹುಟ್ಟುವ ಹೊತ್ತಿಗೆ ನಾವು ಹೊರಟೆವು. ನಾರಿಹಳ್ಳದಲ್ಲಿ ಗುಡ್ಡದ ನೆರಳು ನೀರಿನ ಮೇಲೆ ಬಿದ್ದಿತ್ತು. ಫೋಟೋ ತೆಗೆದರು. ಮ್ಯಾನೇಜರ ಹೆಂಡತಿ ರೊಟ್ಟಿ ಚಟ್ನಿ ಕೇಳಿ ಕೇಳಿ ಹಾಕಿಸಿಕೊಂಡಳು. ನಾನೂ ನಕ್ಕೆ, ನಾನೂ ಉಂಡೆ. ಹೇಳಬೇಕಾದ್ದನ್ನು ಹೇಳಬೇಕು: ಆ ದಿನ ನನಗೆ ಅವನ ನೆನಪಾಗಲಿಲ್ಲ.

ಭಾನುವಾರ ಗುಡ್ಡ ಹತ್ತಿದೆವು. ಅಲ್ಲಿ ಕುಮಾರಸ್ವಾಮಿಯ ಗುಡಿ, ಪಕ್ಕದಲ್ಲಿ ಪಾರ್ವತಮ್ಮನ ಗುಡಿ. ಸ್ವಾಮಿ ತಾಯಿಯ ಮೇಲೆ ಮುನಿದು, ಕುಡಿದ ಹಾಲನ್ನು ಕಕ್ಕಿ ಈ ಗುಡ್ಡಕ್ಕೆ ಬಂದನೆಂದು ನಮ್ಮ ಕಡೆ ಹೇಳುತ್ತಾರೆ. ಕೆಂಪು ಗುಡ್ಡದಲ್ಲಿ ಸಿಗುವ ಬಿಳಿಯ ವಿಭೂತಿ ಆ ಹಾಲೇ. ಅದಕ್ಕೇ ನಮ್ಮ ಮಂದಿಯ ಹೆಂಗಸರು ಸ್ವಾಮಿಯ ಗುಡಿಯೊಳಗೆ ಹೋಗುವುದಿಲ್ಲ, ತಾಯಿಯ ಮುಂದೆ ನಿಲ್ಲುತ್ತೇವೆ. ಗಂಡಸರು ಒಳಗೆ ಹೋಗಿದ್ದರು. ನಮ್ಮ ಮನೆಯವರ ಮೊಬೈಲು ನನ್ನ ಚೀಲದಲ್ಲಿತ್ತು, ರಿಂಗಾಯಿತು. ಎದುರು ಮನೆಯ ಹುಸೇನಬಿ.

"ಪಂಪಿ ಮುಟ್ಟಿದನೇನವ್ವ?"

"ಎಲ್ಲಿಗೆ?"

"ಎಲ್ಲಿಗಂದ್ರ? ನಿಮ್ಮ ಹಿಂದನ ಬಂದಾನಲ್ಲ! ನಿನ್ನೆ ಮಧ್ಯಾಹ್ನ ನಿಂಬಿಹಣ್ಣು ತಗಂಡು ಬಂದಿದ್ದ, ನಿನ್ನ ವಾಂತಿಗೆ ಅಂತ. ಬೀಗ ನೋಡಿ, ಅಕ್ಕ ನಾಡಿದ್ದು ಅಂದಿದ್ಲಲ್ಲ ಅಂದ. ಇಲ್ಲೋ ಮಗನ, ಮುಂಜಾನೇನ ಹೋದ್ರು ಅಂದೆ. ಹಂಗಾದ್ರ ನಾನ ತಪ್ಪು ಕೇಳಿಸ್ಕಂಡೀನಿ, ಅಕ್ಕ ನಾಳೆ ಅಂದಿರಬೇಕು ಅಂತ ಹಳದಿ ಅಂಗಿ ಹಾಕ್ಕಂಡು, ಖಾಲಿ ಲಾರಿಗೆ ಕೈ ಮಾಡಾಕ ಓಡಿದ."

ಫೋನು ಹಿಡಿದುಕೊಂಡೇ ಸ್ವಾಮಿಯ ಗುಡಿಯ ಬಾಗಿಲಿಗೆ ಓಡಿ ನಮ್ಮ ಮನೆಯವರನ್ನು ಕೂಗಿದೆ.

ಆ ದಿನವೇ ಸಂಡೂರಿನ ಸ್ಟೇಷನ್ನಿಗೆ ಹೋದೆವು. ಹಳದಿ ಅಂಗಿಯ ಯುವಕನನ್ನು ಯಾರೂ ನೋಡಿರಲಿಲ್ಲ. ನಮ್ಮ ಮನೆಯವರು ಲಾರಿಗಳನ್ನು ನಿಲ್ಲಿಸಿ ನಿಲ್ಲಿಸಿ ಕೇಳಿದರು. ತೋರಣಗಲ್ಲಿನ ಚಹಾದಂಗಡಿಗಳಲ್ಲಿ ಕೇಳಿದೆವು. ಸೋಮವಾರ ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಹೋದೆವು. ಅವರು ಕೆಳಗೆ ಪೊಲೀಸರ ಹತ್ತಿರ ನಿಂತಿದ್ದಾಗ ಒಬ್ಬ ಆಯಾ ನನ್ನನ್ನು ವಾರ್ಡಿಗೆ ಕರೆದೊಯ್ದಳು.

"ಹೆಸರಿಲ್ಲದವ ಒಬ್ಬ ಅದಾನ ನೋಡ್ರಿ. ಲಾರಿಯವರು ತಂದು ಸೇರಿಸಿ ಹೋಗ್ಯಾರ."

ನಾನು ಬಾಗಿಲಲ್ಲೇ ನಿಂತು ನೋಡಿದೆ. ತಲೆಗೆ ಪಟ್ಟಿ, ಮುಖ ಬಾತು ಹೋಗಿತ್ತು, ಕುತ್ತಿಗೆ ಕೂದಲೆಲ್ಲ ಅದಿರಿನ ಕೆಂಪು. ಮೈಮೇಲೆ ಡ್ರೈವರುಗಳ ಖಾಕಿ ಅಂಗಿ. ನನ್ನ ಕಣ್ಣು ಹಳದಿ ಅಂಗಿ ಹುಡುಕುತ್ತಿತ್ತು.

"ನಮ್ಮವನಲ್ಲ" ಎಂದು ಹೇಳಿ ತಿರುಗಿದೆ.

ಆಮೇಲಿನ ದಿನಗಳನ್ನು ಹೇಗೆ ಬರೆಯಲಿ? ಒಲೆ ಹಚ್ಚಲಿಲ್ಲ. ಡ್ಯಾಮಿನ ಕಾಲುವೆಯಲ್ಲಿ ಯಾರದೋ ಹೆಣ ಸಿಕ್ಕಿತೆಂದರೆ ನಮ್ಮ ಮನೆಯವರು ಓಡುವರು. ಅವರು ತಿರುಗಿ ಬರುವವರೆಗೆ ನಾನು ಗೋಡೆ ಹಿಡಿದು ಕೂರುವೆ. ಬಂದವರೆಲ್ಲ, "ಪಾಪ, ತಿಳಿಲಾರದವ, ದಿನ ತಪ್ಪಿದ್ದಾನ" ಎನ್ನುತ್ತಿದ್ದರು. ತಪ್ಪಿಸಿದವಳು ನಾನೆಂದು ಗಂಡನಿಗೂ ಹೇಳಲಿಲ್ಲ.

ಗುರುವಾರ ಯಾರಿಗೂ ಹೇಳದೆ ಒಬ್ಬಳೇ ಸಂಡೂರಿನ ಬಸ್ಸು ಹತ್ತಿ ಗುಡ್ಡಕ್ಕೆ ಹೋದೆ. ಪಾರ್ವತಮ್ಮನ ಮುಂದೆ ನಿಂತಾಗ ಎದೆ ಒಡೆದು ಮಾತು ಹೊರಗೆ ಬಂತು. ಸುತ್ತ ಹೆಂಗಸರಿದ್ದಾರೆಂಬ ಖಬರು ಇರಲಿಲ್ಲ.

"ಅವ್ವಾ, ನಿನ್ನ ಮಗ ಸಿಟ್ಟಾಗಿ ನಿನ್ನ ಹಾಲು ಕಕ್ಕಿ ಬಂದ. ನನ್ನವ, ಮೂರ್ಛಿ ಬ್ಯಾನಿಯವ, ನನ್ನ ಸುಳ್ಳನ್ನೂ ಕಕ್ಕಲಿಲ್ಲ, ತನ್ನ ಕಿವೀದ ತಪ್ಪು ಅಂತ ನುಂಗಿಕೊಂಡು ಬಂದ. ಒಂದ ಸಲ ಅವನನ್ನ ನನಗ ಕೊಡು. ಸುಳ್ಳು ಹೇಳಿದ್ದು ನಾನು ಅಂತ ಅವನ ಮುಂದ ಹೇಳಾಕ ಕೊಡು. ಮತ್ತೇನೂ ಬ್ಯಾಡ."

ಪಕ್ಕದಲ್ಲಿದ್ದ ಒಬ್ಬ ಮುದುಕಿ ಎಲ್ಲ ಕೇಳಿಸಿಕೊಂಡಿದ್ದಳು. "ಎಂಥಾಕಿ ಅದೀಯ ನೀನು? ಬ್ಯಾನಿಯವನ ಮುಂದ ಹಂಗ ಹೇಳ್ತಾರೇನು? ನಾಲಿಗಿ ಸುಡ್ಲಿ ನಿಂದು!" ಎಂದು ಬೈದಳು. ಬೈಯುತ್ತಲೇ ತನ್ನ ಸೆರಗಿನ ಗಂಟು ಬಿಚ್ಚಿ ವಿಭೂತಿಯ ಒಂದು ತುಂಡು ನನ್ನ ಕೈಯಲ್ಲಿಟ್ಟಳು. "ತಗಾ. ಹಚ್ಚು ಅವನಿಗೆ."

"ಅವ ಸಿಕ್ಕಿಲ್ಲಬೇ, ಯಾರಿಗೆ ಹಚ್ಚಲಿ?"

"ಸಿಗೂತನ ಯಾರಿಗರ ಹಚ್ಚು. ಬ್ಯಾನಿಯವರಿಗೆ ಬರ ಐತೇನು ಲೋಕದಾಗ?"

ಕೆಳಗೆ ಬಂದು ಸಂಡೂರಿನಲ್ಲಿ ನಿಂತಿದ್ದ ಬಸ್ಸು ಹತ್ತಿದೆ. ಬೋರ್ಡಿನ ತುಂಬ ಕೆಂಪು ಧೂಳು, ಅಕ್ಷರ ಕಾಣುತ್ತಿರಲಿಲ್ಲ. ಹೊಸಪೇಟೆಯದೇ ಇರಬೇಕೆಂದು ಕೂತುಬಿಟ್ಟೆ. ಬಸ್ಸು ತುಂಬಿತ್ತು. ಕಂಡಕ್ಟರು ನನ್ನ ಹತ್ತಿರ ಬರುವ ಹೊತ್ತಿಗೆ ತೋರಣಗಲ್ಲು ದಾಟಿತ್ತು.

"ಇದು ಬಳ್ಳಾರಿ ಗಾಡಿ ಅಮ್ಮಾ! ಕೇಳಿ ಹತ್ತಬಾರದೇನು?"

"ಬೋರ್ಡ್ ಕಾಣಲಿಲ್ಲಪ್ಪ."

"ಬೋರ್ಡ್ ಬಿಡ್ರಿ, ಮುಂಜಾನಿಂದ ನನ್ನ ಮುಖಾನ ನನಗ ಕಂಡಿಲ್ಲ. ಈಗೇನು, ಇಳೀತೀರೋ, ಬರ್ತೀರೋ?"

ಮುಂದಿನ ಸೀಟಿನವರು ನಕ್ಕರು. ಆ ಕ್ಷಣ ನನ್ನ ಮುಷ್ಟಿಯಲ್ಲಿದ್ದ ವಿಭೂತಿಯ ನೆನಪಾಯಿತು. ಖಾಕಿ ಅಂಗಿಯವನ ನೆನಪೂ ಆಯಿತು. ಯಾರಿಗೂ ಬೇಡವಾದವನು, ಅವನಿಗಾದರೂ ಹಚ್ಚೋಣ ಎನಿಸಿತು.

"ಬರ್ತೀನಿ" ಎಂದೆ.

ಆ ಆಯಾ ನನ್ನ ಗುರುತು ಹಿಡಿದಳು. "ಅವತ್ತು ನಮ್ಮವನಲ್ಲ ಅಂದ್ರಲ್ಲ?" ಎಂದಳು. "ನಮ್ಮವನಲ್ಲ, ಆದರೂ ಹಚ್ಚತೀನಿ" ಎಂದೆ. ಈ ಸಲ ಬಾಗಿಲಲ್ಲಿ ನಿಲ್ಲಲಿಲ್ಲ, ಮಂಚದ ಹತ್ತಿರ ಹೋದೆ. ಬಾವು ಇಳಿದಿತ್ತು. ಸೆರಗಿನ ತುದಿ ಒದ್ದೆ ಮಾಡಿ ಹಣೆ ಒರೆಸಿದೆ, ಕಿವಿಯ ಹಿಂದೆ ಒರೆಸಿದೆ. ಪಂಪಿಗೆ ಕಿವಿ ಚುಚ್ಚಿಸುವಾಗ ಅವನು ನನ್ನ ತೊಡೆಯ ಮೇಲೆ ಮಿಸುಕಾಡಿ ಎಡಗಿವಿಯ ತೂತು ಓರೆಯಾಗಿತ್ತು. ನನ್ನ ಬೆರಳು ಆ ಓರೆ ತೂತನ್ನು ಮುಟ್ಟಿತು.

ಎದುರಿಗೆ ಮಲಗಿದ್ದರೂ ನಮ್ಮವನಲ್ಲ ಎಂದು ಬಿಟ್ಟು ಹೋಗಿದ್ದೆ. ನನ್ನನ್ನು ಆ ಬಸ್ಸಿಗೆ ಹತ್ತಿಸಿದವರು ಯಾರು, ನೀವೇ ಹೇಳಿರಿ.

ಲಾರಿಯಿಂದ ಇಳಿದ ಮೇಲೆ ಮೂರ್ಛೆ ಬಂದು ತಲೆ ಕಲ್ಲಿಗೆ ಬಡಿದಿತ್ತೆಂದು ತಂದು ಸೇರಿಸಿದವರು ಆಸ್ಪತ್ರೆಯಲ್ಲಿ ಹೇಳಿದ್ದರಂತೆ. ರಕ್ತದಲ್ಲಿ ತೊಯ್ದ ಅಂಗಿ ತೆಗೆದು ಯಾರೋ ಡ್ರೈವರು ತನ್ನ ಖಾಕಿ ಅಂಗಿ ತೊಡಿಸಿದ್ದ. ಆ ಪುಣ್ಯಾತ್ಮ ಯಾರೆಂದು ಇವತ್ತಿಗೂ ಗೊತ್ತಿಲ್ಲ. ಎಚ್ಚರವಾದರೂ ಮಾತು ಬರುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ದಿನಾ ವಿಭೂತಿ ಹಚ್ಚುತ್ತಾ ಪಕ್ಕದಲ್ಲಿ ಕೂತೆ. ಒಂದು ಬೆಳಿಗ್ಗೆ ಕಣ್ಣು ತೆರೆದು ನನ್ನನ್ನೇ ನೋಡಿದ.

"ಅಕ್ಕ, ನಾಡಿದ್ದು ಬಂತೇನು?"

ಲಾರಿ, ಬೀಗ, ಹುಸೇನಬಿ ಯಾವುದೂ ಅವನ ನೆನಪಿನಲ್ಲಿ ಇರಲಿಲ್ಲ. ಪ್ರವಾಸ ಇನ್ನೂ ಮುಂದಿದೆ ಎಂದೇ ತಿಳಿದಿದ್ದ. ಆ ರಾತ್ರಿ ಗಂಡನಿಗೆ ಎಲ್ಲ ಹೇಳಿದೆ. ಅವರು, "ದೇವರ ಮರಸ್ಯಾನ. ನೀ ಯಾಕ ಕೆದರ್ತೀ?" ಎಂದರು. ಹೇಳದೆ ಬಿಡಲು ನನಗೂ ಆಸೆಯಾಯಿತು. ಆದರೆ ಬೇಡಿಕೊಂಡಿದ್ದು ನಾನೇ. ಪಂಪಿ ಗಂಜಿ ಕುಡಿಯುವಷ್ಟಾದಾಗ ಹೇಳಿದೆ.

ಕೇಳಿಸಿಕೊಂಡು ಚಮಚ ಕೆಳಗಿಟ್ಟ. "ನನಗ ಬಂದಾಗ ನಿನಗ ನಾಚಿಕಿ ಆಗ್ತೈತೇನಕ್ಕ?"

"ಹೂಂ" ಎಂದೆ. ಇನ್ನೊಂದು ಸುಳ್ಳು ನನ್ನಿಂದಾಗಲಿಲ್ಲ.

"ನನಗೂ ಆಗ್ತೈತಿ" ಎಂದು ಗೋಡೆಯ ಕಡೆ ಮುಖ ಮಾಡಿ ಮಲಗಿದ.

ಮರುದಿನ ಸಂಜೆಯವರೆಗೆ ನನ್ನ ಕೈಯಿಂದ ಏನೂ ತಿನ್ನಲಿಲ್ಲ. ಸಂಜೆ ತಾನೇ, "ಗಂಜಿ ಐತೇನು?" ಎಂದು ಕೇಳಿದ.

ಶಿವರಾತ್ರಿಯ ಹೊತ್ತಿಗೆ ಓಡಾಡುವಂತಾದ. ನಾವಿಬ್ಬರೇ ಸಂಡೂರಿಗೆ ಹೋದೆವು. ನಾರಿಹಳ್ಳದ ದಂಡೆಯಲ್ಲಿ ಕೂತು ರೊಟ್ಟಿ ತಿಂದೆವು. ನೀರು ಕಡಿಮೆಯಾಗಿತ್ತು. "ಅವತ್ತು ಎಲ್ಲೀತನ ಇತ್ತಕ್ಕ?" ಎಂದು ಕೇಳಿದ, ಕೈ ಮಾಡಿ ತೋರಿಸಿದೆ. ಆಮೇಲೆ ಗುಡ್ಡ. ಅವನು ಸ್ವಾಮಿಯ ಗುಡಿಯೊಳಗೆ ಹೋದ, ನಾನು ತಾಯಿಯ ಮುಂದೆ ನಿಂತು, ಕೊಟ್ಟೆಯಲ್ಲವ್ವ, ಕೊಟ್ಟೆಯಲ್ಲ ಎಂದು ಅಳುತ್ತಿದ್ದೆ.

ಹಣೆ ತುಂಬ ವಿಭೂತಿ ಬಳಿದುಕೊಂಡು ಬಂದ. "ಏನ್ ಬೇಡ್ಕಂಡಿ?" ಎಂದೆ.

"ನಿನಗ ಬಸ್ಸಿನ್ಯಾಗ ವಾಂತಿ ಆಗಬಾರದು ಅಂತ."

"ಹುಚ್ಚ! ನಿನ್ನ ಬ್ಯಾನಿ ಹೋಗಲಿ ಅಂತ ಬೇಡ್ಕಳೋದು ಬಿಟ್ಟು?"

"ಅದನ್ನ ನೀ ಬೇಡ್ಕಂಡಿರ್ತಿ ಅಂತ ನಾ ಬಿಟ್ಟೆ."

ನಾನು ಬೇಡಿಕೊಂಡಿರಲಿಲ್ಲ. ಸಿಕ್ಕಿದ್ದಕ್ಕೆ ಅಳುವುದರಲ್ಲಿ ಮರೆತಿದ್ದೆ. ಮತ್ತೆ ಬರೋಣ, ಆಗ ಬೇಡಿಕೊಂಡರಾಯಿತು ಎಂದುಕೊಂಡು ಇಳಿದೆ. ಆ ದಿನದಿಂದ ಇವತ್ತಿನವರೆಗೆ ಯಾವ ಬಸ್ಸಿನಲ್ಲೂ ನನಗೆ ವಾಂತಿಯಾಗಿಲ್ಲ. ನಗುವವರು ನಗಲಿ.

ಮುಂಗಾರು ಶುರುವಾದ ಮೇಲೆ ಒಂದು ರಾತ್ರಿ ಮಲಗಿದಲ್ಲೇ ಮೂರ್ಛೆ ಬಂದು ಪಂಪಿ ಹೋದ. ಬೆಳಿಗ್ಗೆ ಚಹಾ ಹಿಡಿದು ಎಬ್ಬಿಸಲು ಹೋದವಳು ನಾನೇ.

ಇಷ್ಟೆಲ್ಲ ಆದ ಮೇಲೂ ದೇವರು ಏನು ಕೊಟ್ಟ ಎಂದು ಜನ ಕೇಳುತ್ತಾರೆ. ನಾನು ಬೇಡಿದ್ದನ್ನು ಆ ತಾಯಿ ಒಂದೂ ತಪ್ಪದೆ ಕೊಟ್ಟಳು. ತಮ್ಮನನ್ನು ಕೊಟ್ಟಳು, ಅವನ ಮುಂದೆ ನಿಜ ಹೇಳುವ ಬಾಯಿ ಕೊಟ್ಟಳು. ಆಯುಷ್ಯ ಕೇಳಲಿಲ್ಲ, ಅದು ನನ್ನ ತಪ್ಪು. ಅವಳು ಕೇಳಿದವರ ಮಾತು ಕೇಳುತ್ತಾಳೆ ಎಂದು ನನ್ನಷ್ಟು ಗಟ್ಟಿಯಾಗಿ ಹೇಳುವವರು ಯಾರೂ ಇರಲಿಕ್ಕಿಲ್ಲ.

ಈಗ ಪ್ರತಿ ಹುಣ್ಣಿಮೆಗೆ ಗುಡ್ಡಕ್ಕೆ ಹೋಗುತ್ತೇನೆ. ನಮ್ಮ ಓಣಿಯಲ್ಲಿ, ಬಂಧು ಬಳಗದಲ್ಲಿ ಮೂರ್ಛೆ ಇರುವವರ ಹೆಸರು ಹೇಳಿ ಬೇಡಿಕೊಳ್ಳುತ್ತೇನೆ. ನಿಮ್ಮ ಮನೆಯಲ್ಲಿ ಅಂಥವರಿದ್ದರೆ ಹೆಸರು ಹೇಳಿ ಕಳಿಸಿರಿ. ಅವರು ತಮಗಾಗಿ ಏನೂ ಕೇಳಿಕೊಂಡಿರಲಿಕ್ಕಿಲ್ಲ. ನೀವು ಕೇಳಿಕೊಂಡಿದ್ದೀರಿ ಎಂದು ನಂಬಿ ಕೂತಿರುತ್ತಾರೆ.